ಎಷ್ಟ್ ವ್ಯಾಟ್ ಐತ್ರಿ ಕಾಕಾ?

ಕಳ್ಳಕವಟಗಿ

ಜಾತ್ರೆ, ಗಣಪತಿ, ಮದುವೆ ಮೆರವಣಿಗೆಗಳ ಜೀವಾಳವಾದ ಡಿಜೆ ತಮ್ಮಂದಿರಿಗೆ ಶರಣು ಶರಣಾರ್ಥಿ.

ಮೊನ್ನೆ ನಿಮ್ಮಲ್ಲೊಬ್ಬ ಮನೆಗೆ ಬಂದವನು ನನ್ನ ಹಳೆಯ ಸ್ಪೀಕರ್ ಜೋಡಿ ನೋಡಿ, ‘ಕಾಕಾ, ಈ ಕೂಲರಿಗೆ ನೀರ ಎಲ್ಲಿ ಹಾಕ್ತೀರಿ?’ ಎಂದ. ಸ್ಪೀಕರಪ್ಪಾ ಎಂದೆ. ‘ಎಷ್ಟ್ ವ್ಯಾಟ್ ಐತ್ರಿ?’ ಹದಿನೈದು ಸಾಕು ಎಂದಾಗ ಅವನ ಮುಖದಲ್ಲಿ ಮೂಡಿದ ಕನಿಕರವೇ ಈ ಪತ್ರಕ್ಕೆ ಕಾರಣ.

ತಪ್ಪು ನಿಮ್ಮದಲ್ಲ. ಇಂಗ್ಲೆಂಡಿನ ಪೀಟರ್ ವಾಕರ್ 1957ರಲ್ಲಿ ಈ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರನ್ನು ಮಾರುಕಟ್ಟೆಗೆ ತಂದಾಗ ನಮ್ಮೂರ ಜಾತ್ರೆಯನ್ನು ನೆನೆಯಲೇ ಇಲ್ಲ. ಇದರಲ್ಲಿ ಅಯಸ್ಕಾಂತವಿಲ್ಲ, ಕೋನ್ ಇಲ್ಲ. ತೂತುಗಳಿರುವ ಎರಡು ಫಲಕಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಬೇಸ್ ಭಾಗದ ಹಾಳೆಗೆ 6,000 ವೋಲ್ಟ್. ಹಾಡಿನ ವಿದ್ಯುತ್ತು ಫಲಕಕ್ಕೆ ಬಂದಂತೆ ಹಾಳೆ ಅತ್ತಿತ್ತ ತುಯ್ಯುತ್ತದೆ. ತಂಬೂರಿಯ ತಂತಿಯನ್ನು ಬೆರಳು ಬಿಟ್ಟ ಗಳಿಗೆಯೂ ಕೇಳುತ್ತದೆ. ಆದರೆ ಎದೆ ನಡುಗುವುದಿಲ್ಲ, ಕಿಟಕಿ ಅದುರುವುದಿಲ್ಲ, ಪಕ್ಕದ ಮನೆಯ ಎಮ್ಮೆ ಹಗ್ಗ ಹರಿಯುವುದಿಲ್ಲ. ಇಂಥದ್ದಕ್ಕೆ ಸ್ಪೀಕರ್ ಅನ್ನುವುದಾದರೂ ಹೇಗೆ?

ದುರಸ್ತಿಯೂ ಹಾಗೇ. ವಿದ್ಯುತ್ತು ತುಂಬಿದ ಈ ಹಾಳೆಗೆ ಧೂಳು ಕಂಡರೆ ತವರಿನವರು ಬಂದಷ್ಟು ಸಂಭ್ರಮ. ಎರೆಹೊಲದ್ದನ್ನೆಲ್ಲ ಎಳೆದು ಅಪ್ಪಿಕೊಳ್ಳುತ್ತದೆ. ಧೂಳುಗವಸು ಹರಿದಿದ್ದರೆ ಒಳಗೆ ಚಟಪಟ. ಹೈವೋಲ್ಟೇಜಿನ ಡಯೋಡು, ಕೆಪಾಸಿಟರುಗಳಿಗೆ ವಯಸ್ಸಾದರೆ ದನಿ ಕುಗ್ಗುತ್ತದೆ. ಹರಿದ ಹಾಳೆ ತೆಗೆದು ಹೊಸದನ್ನು ಸುಕ್ಕಿಲ್ಲದೆ ಬಿಗಿದು ಅಂಟಿಸಿ, ವಿದ್ಯುತ್ತು ಬಲು ಮೆಲ್ಲಗೆ ಹರಿಯುವಂಥ ಲೇಪ ಬಳಿಯಬೇಕು. ಒಣದ್ರಾಕ್ಷಿ ಶೆಡ್ಡಿಗೆ ಪರದೆ ಬಿಗಿದು ಪಳಗಿದ ಕೈಯೂ ಇಲ್ಲಿ ಬೆವರುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ; ಅವಸರದ ಕೈಗೆ ಅದೇ ಬುದ್ಧಿ ಹೇಳುತ್ತದೆ.

‘ನಮ್ಮ ಆಂಪ್ಲಿಫೈಯರ್ ಹಚ್ಚೂನ್ರಿ’ ಎಂದ ನಿಮ್ಮ ಔದಾರ್ಯಕ್ಕೆ ನಾನು ಋಣಿ. ಆದರೆ ಈ ಸ್ಪೀಕರ್ ತಾಳುವುದು 33 ವೋಲ್ಟ್. ಮೀರಿದರೆ ಕಿಡಿ ಹಾರಿ ಹಾಳೆಗೆ ತೂತು. ಇದರ ತಡೆ ಕೆಳಸ್ವರಗಳಲ್ಲಿ 30 ಓಮ್ ಆಸುಪಾಸು, ತೀರ ಮೇಲಿನ ಸ್ವರಗಳಲ್ಲಿ 2 ಓಮ್‌ಗಿಂತ ಕೆಳಗೆ. ಕೆಪಾಸಿಟರಿನ ಗುಣದ ಇಂಥ ಸ್ಪೀಕರಿಗೆ ಹಚ್ಚಿದರೆ ಕೆಲವು ಆಂಪ್ಲಿಫೈಯರುಗಳು ಕಿವಿಗೆ ಕೇಳದ ಸ್ವರದಲ್ಲಿ ಒದರಿಕೊಂಡು ತಾವೇ ಸುಟ್ಟುಹೋಗುತ್ತವೆ. ಅದಕ್ಕೇ 15 ವ್ಯಾಟಿನ ವಾಲ್ವಿನ ಕ್ವಾಡ್ ಟೂ, ಇಲ್ಲವೇ 1967ರ ಕ್ವಾಡ್ 303 ಆಂಪ್ಲಿಫೈಯರೇ ಇದಕ್ಕೆ ಜೋಡಿ. ಬೀಗತನಕ್ಕೆ ಆಸ್ತಿ ನೋಡುವವರುಂಟು, ಗುಣ ನೋಡುವವರುಂಟು. ಈ ಮನೆಯಲ್ಲಿ ಆಸ್ತಿ ಹೆಚ್ಚಾದಷ್ಟೂ ಹೆಣ್ಣಿನ ಜೀವಕ್ಕೇ ಅಪಾಯ.

ವಿಜಯಪುರದ ಗೋಲಗುಮ್ಮಟದಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಎದುರು ಬದಿಗೆ ಕೇಳುತ್ತದೆ, ಸೊನ್ನೆ ವ್ಯಾಟಿನಲ್ಲಿ. ಅಲ್ಲಿಗೆ ಹೋಗಿ ನಾವು ಮಾಡುವುದೇನು? ಸಿಳ್ಳೆ ಹೊಡೆಯುತ್ತೇವೆ. ಹೀಗಿರುವಾಗ ನಿಮ್ಮ ಮೇಲೆ ದೂರು ಹೇಳಲು ನಾನ್ಯಾರು?

ಒಂದು ಸಂಜೆ ಮನೆಗೆ ಬನ್ನಿ. ಒಬ್ಬೊಬ್ಬರೇ ಬನ್ನಿ, ನಟ್ಟನಡುವೆ ಕೂತವರಿಗಷ್ಟೇ ಪೂರ್ತಿ ದಕ್ಕುವ ಸ್ಪೀಕರಿದು, ಕುರ್ಚಿ ಒಂದೇ. ಜಾತ್ರೆಯ ದಿನ ಮಾತ್ರ ಬೇಡ. ಅವತ್ತು ನಾನು ನಿಮ್ಮದನ್ನೇ ಕೇಳುತ್ತಿರುತ್ತೇನೆ, ಕದ ಹಾಕಿಕೊಂಡರೂ.

ಇಂತಿ ನಿಮ್ಮ
ಹದಿನೈದು ವ್ಯಾಟಿನ ಕಾಕಾ