ಹಂದಿ ಯಾರ ಹಿಸ್ಸೆಯದ್ದು?

ಮಲೆನಾಡಿನಲ್ಲಿ ಜಮೀನು ಮಾಡುವ ಹುಚ್ಚು ಮಲೆನಾಡಿನವರಿಗೆ ಹಿಡಿಯುವುದು ಕಡಿಮೆ. ಅದು ಹಿಡಿಯುವುದು ಪುಸ್ತಕ ಓದುವವರಿಗೆ. ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ, ಬರೆದೂ ಬಿಟ್ಟರು. ಸಾಲದ್ದಕ್ಕೆ ಕೆನೆತ್ ಆಂಡರ್ಸನ್ನನ ಶಿಕಾರಿ ಕಥೆಗಳನ್ನೂ ಕನ್ನಡಕ್ಕೆ ತಂದರು. ಜಾಲಹಳ್ಳಿ ಕ್ರಾಸಿನ ಬಾಡಿಗೆ ಮನೆಯಲ್ಲಿ ಕೂತು 'ಜಾಲಹಳ್ಳಿಯ ಕುರ್ಕ' ಓದುತ್ತಿದ್ದ ನನಗೆ, ಅದೇ ಜಾಲಹಳ್ಳಿಯಲ್ಲಿ ಈಗ ಚಿರತೆಯ ಬದಲು ನೀರಿನ ಟ್ಯಾಂಕರಿಗಾಗಿ ಹೊಂಚು ಹಾಕಬೇಕಾಗಿರುವುದು ಪರಮ ಅನ್ಯಾಯವಾಗಿ ಕಾಣುತ್ತಿತ್ತು.

ಕಾಡಿನಂಚಿನಲ್ಲಿ ಕೋವಿ ಹಿಡಿದು ನಿಲ್ಲಬೇಕು, ಇದು ನನ್ನ ಬಾಳಿನ ಆಸೆ. ಬೇಟೆ ವನ್ಯಜೀವಿ ಕಾಯ್ದೆಯಿಂದಾಗಿ ಎಂದೋ ಮುಗಿದ ಅಧ್ಯಾಯ, ಕೋವಿಗೆ ಲೈಸೆನ್ಸ್ ಬೇಕು, ದೀಪಾವಳಿಯ ಲಕ್ಷ್ಮೀ ಪಟಾಕಿಗೇ ನಾನು ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತೇನೆ. ಇರಲಿ. ಬೇಟೆಯಾಡದಿದ್ದರೂ ಬೇಟೆಯಾಡಬಹುದಾಗಿದ್ದಂಥ ಒಂದು ಜಾಗವಾದರೂ ಸ್ವಂತಕ್ಕೆ ಬೇಡವೇ?

2020ರವರೆಗೆ ನಮ್ಮಂಥವರನ್ನು ಸರ್ಕಾರವೇ ಕಾಪಾಡಿಕೊಂಡು ಬಂದಿತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಬೇಸಾಯಗಾರರಲ್ಲದವರನ್ನು ಕೃಷಿ ಜಮೀನಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ತಿದ್ದುಪಡಿಯಾಗಿ ಆ ಕಲಮುಗಳು ಬಿದ್ದುಹೋದದ್ದೇ ತಡ, ನನ್ನ ಷಡ್ಡಕರು ಫೋನ್ ಮಾಡಿದರು. "ಮಾರಾಯ, ಒಂದು ಜಾಗ ಇದೆ. ಹಳ್ಳ ಇದೆ, ಕಾಡು ಅಂಟಿಕೊಂಡೇ ಇದೆ. ಒಬ್ಬನ ಕೈಲಿ ಆಗಲ್ಲ, ಐದು ಜನ ಸೇರಿದರೆ ಆಗುತ್ತೆ." ಐದು ಜನ ಎಂದರೆ ಷಡ್ಡಕರು, ನಾನು, ನನ್ನ ಬಾಮೈದ, ಬ್ಯಾಂಕಿನ ಗೆಳೆಯನೊಬ್ಬ ಮತ್ತು ವಕೀಲ ಗೆಳೆಯನೊಬ್ಬ. ಈ ವಕೀಲ ವಾಹನ ಅಪಘಾತ ಪರಿಹಾರದ ಕೇಸು ಬಿಟ್ಟು ಬೇರೇನೂ ನಡೆಸಿದವನಲ್ಲ. ವಾಟ್ಸಾಪ್ ಗುಂಪಿಗೆ ಬಾಮೈದ 'ಪಂಚಪಾಂಡವರು' ಎಂದು ಹೆಸರಿಟ್ಟ. ಪಾಂಡವರಿಗೂ ಇದ್ದದ್ದು ಜಮೀನಿನದೇ ತಕರಾರು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಪಹಣಿಯಲ್ಲಿ 4 ಎಕರೆ 32 ಗುಂಟೆ, ಅದರಲ್ಲಿ 12 ಗುಂಟೆ ಬಿ ಖರಾಬು. ಹಳ್ಳ, ದಾರಿ, ಸ್ಮಶಾನ ಇಂಥವೆಲ್ಲ ಬಿ ಖರಾಬಿಗೆ ಹೋಗುತ್ತವೆ, ಅದು ಸಾರ್ವಜನಿಕರದ್ದು, ನಮ್ಮದಲ್ಲ. ಕಳೆದರೆ ಉಳಿದದ್ದು 180 ಗುಂಟೆ, ತಲೆಗೆ 36. ಲೆಕ್ಕ ಇಷ್ಟು ಸಲೀಸಾಗಿ ಕೂಡಿಬಂದದ್ದನ್ನು ನಾವು ದೈವಸಂಕಲ್ಪ ಎಂದುಕೊಂಡೆವು. ಬೇರೆ ಬೇರೆಯಾಗಿ ಬರೆಸಬೇಕೆಂದರೆ ಮೊದಲು ಅಳತೆಯಾಗಿ 11ಇ ನಕ್ಷೆ ಆಗಬೇಕು, ತಿಂಗಳುಗಟ್ಟಲೆ ಕಾಯಬೇಕು. "ನಮ್ಮ ನಮ್ಮೊಳಗೆ ಎಂಥದ್ದು, ಜಂಟಿ ಖಾತೆ ಸಾಕು" ಎಂದರು ಷಡ್ಡಕರು. ಪಹಣಿಯ 9ನೇ ಕಾಲಮ್ಮಿನಲ್ಲಿ ಐದು ಹೆಸರು ಒಂದರ ಕೆಳಗೊಂದು ಬಂದವು. 'ನಮ್ಮ ನಮ್ಮೊಳಗೆ' ಎಂದು ಶುರುವಾಗುವ ಯಾವ ವಾಕ್ಯಕ್ಕೂ ಸಹಿ ಹಾಕಬಾರದೆಂದು ಒಂದು ಕಾನೂನು ಇರಬೇಕಿತ್ತು.

ಜಮೀನು ಕೊಟ್ಟ ಗೌಡರಿಗೆ ನಾಲ್ವರು ಅಕ್ಕತಂಗಿಯರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿರುವುದರಿಂದ ಎಲ್ಲರ ಸಹಿ ಆಗಲೇಬೇಕೆಂದು ವಕೀಲ ಹಠ ಹಿಡಿದ. ಹಿರಿಯ ಅಕ್ಕ ಮೊಮ್ಮಗನ ಭುಜ ಹಿಡಿದುಕೊಂಡು ಬಂದು ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡು, ನಮ್ಮಲ್ಲಿ ಯಾರು ದೊಡ್ಡವರೆಂದು ತಿಳಿಯದೆ ನನ್ನನ್ನೇ ಕೇಳಿದರು: "ಹಳ್ಳದ ಬದಿ ಒಂದು ಹಲಸು ಉಂಟು. ನಮ್ಮಪ್ಪ ನೆಟ್ಟದ್ದು. ವರ್ಷಕ್ಕೆ ಎರಡು ಹಣ್ಣು ತಗಂಡು ಹೋಗ್ಲಾ?" ನಾನು ಜಮೀನ್ದಾರನ ಗತ್ತಿನಲ್ಲಿ ಧಾರಾಳವಾಗಿ ಒಪ್ಪಿದೆ. ಷಡ್ಡಕರು ಆಗಲೇ ಮುಖ ಸಿಂಡರಿಸಿದ್ದನ್ನು ನೋಡಿದೆ.

ಆಮೇಲೆ ಹಗ್ಗ ಎಳೆದು, ಕಲ್ಲು ನೆಟ್ಟು, ನಮ್ಮೊಳಗೇ ಹಿಸ್ಸೆ ಮಾಡಿಕೊಂಡೆವು. ಷಡ್ಡಕರು ಗೆಣಸು ಹಾಕಿದರು, ನಾನು ಬಾಳೆ, ಬಾಮೈದ ಶುಂಠಿ. ಬ್ಯಾಂಕಿನವನು ಏನೂ ಹಾಕದೆ ನಮ್ಮ ಖರ್ಚು ಬರೆದುಕೊಳ್ಳುತ್ತಿದ್ದ. ಬೆಳೆ ಕೈಗೆ ಬರುವ ಹೊತ್ತಿಗೆ ಹಂದಿಗಳು ಬಂದವು. ಕಾಡುಹಂದಿಯ ಮೈ ಮುಟ್ಟಲೂ ಕಾನೂನು ಬಿಡದು. ಅಟ್ಟಣೆ ಕಟ್ಟಿ ಕೂತು, ಡಬ್ಬ ಬಡಿದು, ಪಟಾಕಿ ಹಚ್ಚಿ ಓಡಿಸಬೇಕು. ಅಂತೂ ಆಂಡರ್ಸನ್ನನ ಹಾಗೆ ರಾತ್ರಿ ಅಟ್ಟಣೆಯ ಮೇಲೆ ಕೂರುವ ಯೋಗ ನನಗೂ ಬಂತು. ಆಳು ಒಬ್ಬನಿಗೆಂದು ಕಟ್ಟಿದ ಅಟ್ಟಣೆಯ ಮೇಲೆ ಪಂಚಪಾಂಡವರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆವು.

ನಡುರಾತ್ರಿಯ ಮೇಲೆ ಗುಟುರು ಕೇಳಿಸಿತು. ನಾನು ಟಾರ್ಚ್ ಬಿಟ್ಟೆ. ದೊಡ್ಡ ಒಂಟಿಗ. ಬೆನ್ನಿನ ಮೇಲೆ ಬಿರುಗೂದಲು ನಿಮಿರಿತ್ತು, ಮೂತಿ ಮಣ್ಣಿನೊಳಗಿತ್ತು.

"ಯಾರ ಹಿಸ್ಸೆಯಲ್ಲಿದೆ?" ಎಂದು ಪಿಸುಗುಟ್ಟಿದರು ಷಡ್ಡಕರು.

"ನಿಮ್ಮದರಲ್ಲೇ, ಭಾವ."

"ನನ್ನದು ಕಲ್ಲಿನಿಂದ ಈಚೆ. ಅದು ಕಲ್ಲಿನಿಂದ ಆಚೆ ನಿಂತಿದೆ."

"ಹೊಟ್ಟೆ ಆಚೆ ಇದೆ, ಬಾಯಿ ಈಚೆ ಇದೆ. ತಿನ್ನುತ್ತಿರುವುದು ಗೆಣಸು."

ಪಟಾಕಿ ಸರ ಬ್ಯಾಂಕಿನವನ ಮಡಿಲಲ್ಲಿತ್ತು. ಅದನ್ನು ತಂದದ್ದು ಸಾಮಾನ್ಯ ನಿಧಿಯಿಂದ, ಒಬ್ಬರ ಗೆಣಸಿಗಾಗಿ ಐವರ ಪಟಾಕಿ ಸುಟ್ಟರೆ ಲೆಕ್ಕದಲ್ಲಿ ಯಾವ ಬಾಬತ್ತಿಗೆ ಹಾಕಲಿ ಎಂದು ಅವನು ಕೇಳಿದ. ವಕೀಲ ಇನ್ನೂ ಹಿಂದಿನಿಂದ ಶುರುಮಾಡಿದ. ಹಂದಿ ಸರ್ಕಾರದ ಸ್ವತ್ತು, ಬೆದರಿ ಓಡುವಾಗ ಬಿದ್ದು ಕಾಲು ಮುರಿದುಕೊಂಡರೆ ಹೊಣೆ ಐವರದೂ ಜಂಟಿಯಾಗಿ ಬರುತ್ತದೆ, ಯಾಕೆಂದರೆ ಖಾತೆ ಜಂಟಿ. "ಅದರ ಕಾಲಿಗೆ ಎಷ್ಟು ಪರಿಹಾರ?" ಎಂದ ಬಾಮೈದ. ವಕೀಲ ನಿಜವಾಗಿಯೂ ಯೋಚನೆಗೆ ಬಿದ್ದ. "ವಯಸ್ಸು, ದುಡಿಮೆ ನೋಡಬೇಕು" ಎಂದ.

ಹಂದಿ ಒಮ್ಮೆ ತಲೆಯೆತ್ತಿ ಅಟ್ಟಣೆಯ ಕಡೆ ನೋಡಿತು. ಐವರಲ್ಲಿ ಒಮ್ಮತವಿಲ್ಲವೆಂದು ಖಾತ್ರಿಯಾದದ್ದರಿಂದಲೋ ಏನೋ, ಮತ್ತೆ ಮೂತಿ ಇಳಿಸಿತು. ಗೆಣಸು ಮುಗಿಸಿ ನಿಧಾನವಾಗಿ ನನ್ನ ಬಾಳೆಗೆ ದಾಟಿತು. "ಈಗ ಹಚ್ಚಿ!" ಎಂದೆ. "ಈಗ ಯಾಕೆ?" ಎಂದರು ಷಡ್ಡಕರು. ಅಷ್ಟರಲ್ಲಿ ಹಳ್ಳದ ಕಡೆಯಿಂದ ಒಂದು ಹೆಣ್ಣು ಹಂದಿ, ಹಿಂದೆ ಸಾಲಾಗಿ ಮರಿಗಳು, ನೇರ ಶುಂಠಿ ಪಟ್ಟೆಗೆ. ಅದುವರೆಗೆ ಕಿಸಿಕಿಸಿ ನಗುತ್ತಿದ್ದ ಬಾಮೈದ ಬೆಂಕಿಪೊಟ್ಟಣಕ್ಕೆ ಕೈಹಾಕಿದ. ಷಡ್ಡಕರು ಅವನ ಮುಂಗೈ ಹಿಡಿದುಕೊಂಡರು. "ನನ್ನ ಗೆಣಸು ಹೋಗುವಾಗ ಹಾಸ್ಯ, ನಿನ್ನ ಶುಂಠಿಗೆ ಮಾತ್ರ ಪಟಾಕಿಯೋ? ಮೊದಲು ಠರಾವು ಆಗಲಿ." ಠರಾವು ಆಯಿತು. ಮೂರಕ್ಕೆ ಎರಡು ಮತ. ಗೆದ್ದದ್ದು ಯಾವ ಕಡೆ ಎಂಬುದರ ಬಗ್ಗೆ ಈಗಲೂ ಭಿನ್ನಾಭಿಪ್ರಾಯವಿದೆ. ಹಂದಿ ಸಂಸಾರ ಊಟ ಮುಗಿಸಿ ಕಾಡಿಗೆ ಹೋದ ಮೇಲೆ, ದುಡ್ಡು ಕೊಟ್ಟು ತಂದದ್ದು ದಂಡವಾಗಬಾರದೆಂದು ಪಟಾಕಿ ಹಚ್ಚಿದೆವು. ಪಕ್ಕದ ತೋಟದವರ ನಾಯಿ ಸರಪಳಿ ಕಿತ್ತುಕೊಂಡು ಓಡಿಹೋಯಿತು. ನಾನು ಕಿವಿ ಮುಚ್ಚಿಕೊಂಡಿದ್ದೆ.

ಬೆಳಿಗ್ಗೆ ಗೌಡರು ಬಂದರು. ಸದ್ದು ಅವರಿಗೂ ಕೇಳಿಸಿತ್ತು. ಕಥೆ ಕೇಳಿ, ಬಾಯಲ್ಲಿದ್ದ ಎಲೆಯಡಿಕೆ ಉಗಿದು ನಗತೊಡಗಿದರು. ಅವರ ಅಪ್ಪನ ಕಾಲದಲ್ಲಿ ಊರಿಗೆ ಊರೇ ಹಳು ಸೋವಲು ಹೋಗುತ್ತಿತ್ತಂತೆ. ಹಂದಿ ಬಿದ್ದರೆ ಅಲ್ಲೇ ಪಾಲು. ಗುಂಡು ಹೊಡೆದವನಿಗೆ ಒಂದು ತೊಡೆ ಹೆಚ್ಚು, ಸೋವಿದವರಿಗೆಲ್ಲ ಸಮ, ನಾಯಿಗೂ ಒಂದು ಪಾಲು. "ಮುತ್ತುಗದ ಎಲೆ ಮೇಲೆ ಗುಡ್ಡೆ ಹಾಕಿದ್ರೆ ಮುಗೀತು. ಒಂದು ದಿನ ತಕರಾರು ಬಂದದ್ದಿಲ್ಲ." ನಮ್ಮ ವಕೀಲ ಭಾವುಕನಾಗಿ, ಅಂಥ ಜನ ಈಗೆಲ್ಲಿ ಎಂದ. ಗೌಡರ ನಗು ನಿಂತಿತು. ಮೇಲಿನ ಗದ್ದೆಯ ಪಾಲಿಗಾಗಿ ಅವರಿಗೂ ತಮ್ಮನಿಗೂ ಕೋರ್ಟಿನಲ್ಲಿ ನಡೆಯುತ್ತಲೇ ಇದೆ. ಈ ಜಮೀನು ನಮಗೆ ಮಾರಿದ್ದೇ ಆ ಖರ್ಚಿಗೆ. "ಮಾಂಸ ಕೊಳೀತದೆ, ಬೇಗ ಹಂಚ್ಕೋಬೇಕು. ಮಣ್ಣು ಕೊಳೆಯಲ್ಲ ನೋಡಿ" ಎಂದು ಎದ್ದು ಹೋದರು.

ಕೊನೆಗೆ ಪೋಡಿ ಮಾಡಿಸಿಯೇ ಬಿಡೋಣ ಎಂದಾಯಿತು. ಅಳತೆಯ ದಿನ ಉಳಿದ ನಾಲ್ವರಿಗೂ ಕೆಲಸ ಬಂದು ನಾನೊಬ್ಬನೇ ಹೋದೆ. ಸರ್ವೆಯರು ಸಂಜೆಯವರೆಗೆ ಅಳೆದರು. ನಮ್ಮ ಕಲ್ಲುಗಳಲ್ಲಿ ಒಂದೂ ತನ್ನ ಜಾಗದಲ್ಲಿರಲಿಲ್ಲ.

ಹಲಸಿನ ಕಾಲದಲ್ಲಿ ಆ ಅಕ್ಕ ಮೊಮ್ಮಗನ ಆಟೋದಲ್ಲಿ ಬಂದು ಎರಡು ಹಣ್ಣು ಒಯ್ದರು. ಅಂದು ರಾತ್ರಿಯೇ ಷಡ್ಡಕರು ಗುಂಪಿನಲ್ಲಿ ಕೇಳಿದರು: "ಹಣ್ಣು ಯಾರ ಹಿಸ್ಸೆಯಿಂದ ಹೋಯಿತು? ಲೆಕ್ಕ ಬೇಕು." ಬ್ಯಾಂಕಿನವನು ಹೆಬ್ಬೆರಳು ಒತ್ತಿದ. ನನಗೆ ಮೈಯೆಲ್ಲ ಉರಿಯಿತು. "ನನ್ನ ಪಾಲಿಗೆ ಬರೆದುಕೊಳ್ಳಿ, ಪ್ರತಿ ವರ್ಷವೂ" ಎಂದು ಹಾಕಿದೆ. ಆ ಮರ ನಿಂತಿರುವುದು ಬಿ ಖರಾಬಿನಲ್ಲಿ, ನಮ್ಮ ಐವರಲ್ಲಿ ಯಾರದ್ದೂ ಅಲ್ಲವೆಂದು ಸರ್ವೆಯರು ಟೀ ಕುಡಿಯುತ್ತಾ ನನಗೆ ತೋರಿಸಿದ್ದರು. ನಕ್ಷೆ ಕೈಗೆ ಬರುವವರೆಗೆ ಅದನ್ನು ಷಡ್ಡಕರಿಗೆ ಹೇಳುವ ಅವಸರ ನನಗೇನೂ ಇಲ್ಲ.