ದಿನಕ್ಕೆ 26 ಗಂಟೆ ದುಡಿದ ಕಂಪ್ಯೂಟರ್

ನುಡಿ ಕೀಲಿಮಣೆಯಲ್ಲಿ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸಬಲ್ಲವನು ಎಂಬ ಒಂದೇ ಅರ್ಹತೆಯ ಮೇಲೆ ಕನ್ನಡ ಮೇಷ್ಟ್ರಾದ ನನ್ನನ್ನು ನಮ್ಮ ಕಾಲೇಜಿನ ಕಂಪ್ಯೂಟರ್ ಇನ್‌ಚಾರ್ಜ್ ಮಾಡಲಾಗಿತ್ತು. ಸ್ಟಾಫ್ ರೂಮಿನ ಮೂಲೆಯಲ್ಲಿ ಉಬುಂಟು ಹಾಕಿದ ಹಳೇ ಯಂತ್ರವೊಂದಿದೆ. ಬೆಳಿಗ್ಗೆ ಅದರ ಹೊದಿಕೆ ತೆಗೆಯುವುದು, ಸಂಜೆ ಹೊದಿಸುವುದು, ಇಷ್ಟೇ ನನ್ನ ಚಾರ್ಜು. ಇಷ್ಟಕ್ಕೇ ನಿಂತಿದ್ದರೆ ನನ್ನ ಮರ್ಯಾದೆಯೂ ಹೊದಿಕೆಯೊಳಗೇ ಇರುತ್ತಿತ್ತು.

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದು ಖಚಿತವಾದ ದಿನ ಪ್ರಿನ್ಸಿಪಾಲರು ಕರೆದರು. “ಮೇಷ್ಟ್ರೇ, ಕಂಪ್ಯೂಟರ್ ದಿನಕ್ಕೆ ಎಷ್ಟು ಗಂಟೆ ಬಳಕೆ ಆಗಿದೆ ಅಂತ ಒಂದು ಪಟ್ಟಿ ಮಾಡಿಕೊಡ್ರೀ. ಅಂದಾಜಲ್ಲ, ದಾಖಲೆ ಸಮೇತ.”

ಪಕ್ಕದ ಮನೆಯ ಬಿಸಿಎ ಹುಡುಗನಿಗೆ ಫೋನ್ ಮಾಡಿದೆ. “ಸುಲಭ ಅಂಕಲ್, ಎಸಿ ಹಾಕಿ” ಎಂದ. “ಎಸಿ ಎಲ್ಲಪ್ಪಾ, ಇಲ್ಲಿ ಫ್ಯಾನೇ ಮುಷ್ಕರ ಹೂಡಿದೆ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಎಸಿ ಎಂಬುದು ಲಿನಕ್ಸಿನ ಒಂದು ಕಮಾಂಡಂತೆ. ಅದರ ಮುಂದೆ ಒಂದು ಅಡ್ಡಗೆರೆ, ಒಂದು ಡಿ ಒತ್ತಿದರೆ ದಿನದಿನದ ಲಾಗಿನ್ ಗಂಟೆಗಳನ್ನು ಕೂಡಿ ಕೊಡುತ್ತದಂತೆ. ಒತ್ತಿದೆ, ಕೊಟ್ಟಿತು. ಹೊಸ ಹಾಳೆಯಲ್ಲಿ ಅಂದವಾಗಿ ಟೈಪಿಸಿ, ಕೆಳಗೆ ಸಹಿ ಹಾಕಿ, ಅಟೆಂಡರ್ ಕೈಗೆ ಫೈಲು ಕೊಟ್ಟೆ.

ಅವನು ಬಾಗಿಲವರೆಗೆ ಹೋದವನು ಹಾಳೆ ನೋಡುತ್ತ ನಿಂತ. “ಸಾ, ಬುಧವಾರ ಇಪ್ಪತ್ತಾರು ಗಂಟೆ ಅಂತ ಬರ್ದಿದ್ದೀರಿ. ಬೀಗ ತೆಗೆಯೋನೂ ನಾನೇ, ಹಾಕೋನೂ ನಾನೇ. ಒಂಬತ್ತೂವರೆಗೆ ತೆಗ್ದು ಐದಕ್ಕೆ ಹಾಕ್ತೀನಿ. ಇದು ಯಾವಾಗ ನಡೀತು?”

ನಡೆದದ್ದು ಹೀಗೆ. ನಮ್ಮಲ್ಲಿ ಎದ್ದ ಕೂಡಲೇ ಲಾಗೌಟ್ ಮಾಡುವುದು ಅಪರೂಪ. ಒಬ್ಬರು ಎದ್ದು ಹೋದರೆ ಇನ್ನೊಬ್ಬರು ‘ಸ್ವಿಚ್ ಯೂಸರ್’ ಒತ್ತಿ ತಮ್ಮ ಹೆಸರಲ್ಲಿ ಕೂರುತ್ತಾರೆ. ಮೊದಲಿನವರ ಸೆಷನ್ ಹಿಂದೆ ಜೀವಂತವಾಗಿಯೇ ಇರುತ್ತದೆ. ಬುಧವಾರ ಒಂಬತ್ತೂವರೆಯಿಂದ ಐದರವರೆಗೆ ನನ್ನದು ಏಳೂವರೆ ಗಂಟೆ. ಹತ್ತರಿಂದ ಐದರವರೆಗೆ ಅತಿಥಿ ಉಪನ್ಯಾಸಕರದು ಏಳು. ಹತ್ತೂವರೆಯಿಂದ ನಾಲ್ಕೂವರೆವರೆಗೆ ವಿದ್ಯಾರ್ಥಿಯದು ಆರು. ಹನ್ನೊಂದರಿಂದ ನಾಲ್ಕೂವರೆವರೆಗೆ ಲೈಬ್ರರಿಯನ್‌ರದು ಐದೂವರೆ. ಎಸಿ ಮಹಾಶಯ ಇಷ್ಟನ್ನೂ ಸಾಲಾಗಿ ಕೂಡಿ 26 ಎಂದಿತ್ತು. ಯಂತ್ರ ನಿಜಕ್ಕೂ ಉರಿದದ್ದು ಏಳೂವರೆ ಗಂಟೆ. ಭೂಮಿಯ ತಿರುಗುವಿಕೆಯನ್ನು ನಿಧಾನ ಮಾಡಿದ್ದು ನಾನು.

ಫೈಲು ವಾಪಸ್ ಕಸಿದುಕೊಂಡು, ಹುಡುಗ ಹೇಳಿದಂತೆ ಲಾಸ್ಟ್ ಎಂಬ ಇನ್ನೊಂದು ಕಮಾಂಡ್ ಕೊಟ್ಟೆ. ಯಾರು ಯಾವಾಗ ಬಂದರು, ಹೋದರು ಎಂಬ ಪಟ್ಟಿ, ಹೊಸದು ಮೇಲೆ, ಹಳೆಯದು ಕೆಳಗೆ. ಅದರಲ್ಲಿ ರೀಬೂಟ್ ಎಂಬ ಹೆಸರಿನವರೊಬ್ಬರು ನಮ್ಮೆಲ್ಲರಿಗಿಂತ ಮೊದಲು ದಿನವೂ ಹಾಜರಿದ್ದರು. ಇಂಥ ಶಿಸ್ತಿನ ವಿದ್ಯಾರ್ಥಿ ಯಾರಪ್ಪ ಎಂದು ಹಾಜರಿ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದೆ. ಯಂತ್ರ ಚಾಲೂ ಆದದ್ದನ್ನು ಅದೇ ಹಾಗೆ ಬರೆದುಕೊಳ್ಳುತ್ತದೆ ಎಂದು ಹುಡುಗ ತಿಳಿಸಿದಾಗ ಅವನ ದನಿಯಲ್ಲಿ ‘ಅಂಕಲ್’ ತುಸು ಉದ್ದವಾಗಿತ್ತು.

ಇನ್ನೊಂದು ಸಾಲಿನಲ್ಲಿ ಲೈಬ್ರರಿಯನ್ ಶನಿವಾರ ಹತ್ತಕ್ಕೆ ಕೂತವರು ಸೋಮವಾರ ಒಂಬತ್ತೂವರೆಗೆ ಎದ್ದಿದ್ದರು. ಎದುರಿಗೆ ‘ಕ್ರ್ಯಾಶ್’. ಶನಿವಾರ ಹನ್ನೊಂದಕ್ಕೆ ಕರೆಂಟ್ ಹೋಗಿತ್ತು. ಯಂತ್ರ ಸತ್ತ ಗಳಿಗೆ ಯಂತ್ರಕ್ಕೇ ತಿಳಿಯದ್ದರಿಂದ ಮುಂದಿನ ಸಲ ಎದ್ದ ಗಳಿಗೆಯವರೆಗೂ ಸೆಷನ್ ಎಳೆದುಬಿಟ್ಟಿತ್ತು. ಭಾನುವಾರವೂ ದುಡಿದರೆಂದು ತಿಳಿದರೆ ಅವರು ರಜೆ ಕೇಳಿಯಾರೆಂದು ಆ ಸಾಲನ್ನು ಗುಟ್ಟಾಗಿ ಒಂದು ಗಂಟೆಗೆ ಇಳಿಸಿದೆ.

ನನ್ನದೇ ಒಂದು ಸಾಲು ಅದಕ್ಕೂ ಘನವಾಗಿತ್ತು. 2009ರ ಜನವರಿ 1ರಂದು ಲಾಗಿನ್ ಆದವನು ಮೊನ್ನೆ ಮಂಗಳವಾರ ಎದ್ದಿದ್ದೆ! 2009ರಲ್ಲಿ ನಾನು ಕೆಲಸಕ್ಕೆ ಅರ್ಜಿ ಹಿಡಿದು ಅಲೆಯುತ್ತಿದ್ದೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತರೆ ಯಂತ್ರದ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಓಡುತ್ತದೆ, ಇಂಟರ್ನೆಟ್ ಸಿಕ್ಕ ಮೇಲೆ ಇವತ್ತಿಗೆ ಜಿಗಿಯುತ್ತದೆ. ಬ್ಯಾಟರಿ ಬಿಚ್ಚಿ ಅಂಗಡಿಗೆ ಒಯ್ದು ಜಗಳಕ್ಕೆ ನಿಂತೆ: “ಸಿಆರ್2032 ಅಂತ ಇಲ್ಲೇ ಬರೆದಿದೆಯಲ್ರೀ, 2032ರವರೆಗೆ ವಾಯಿದೆ ಇರೋದು ಈಗಲೇ ಹೇಗೆ ಸಾಯುತ್ತೆ?” ಅಂಗಡಿಯವನು ಒಳ್ಳೆಯವನು, ನಗಲಿಲ್ಲ. ಅದು ಅಳತೆ ಸಾರ್, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂದು ಹೊಸದು ಕೊಟ್ಟ. ನಾನು ಮೆಟ್ಟಿಲಿಳಿದ ಮೇಲೆ ನಕ್ಕಿದ್ದು ಕೇಳಿಸಿತು.

ಇನ್ನು ಅತಿಕ್ರಮಣ ತೆರವು. ಲಾಗಿನ್ ಆದ ಹೊತ್ತಿನ ಪ್ರಕಾರ ಸಾಲುಗಳನ್ನು ಜೋಡಿಸಿದೆ. ಪ್ರತಿ ಸಾಲನ್ನೂ ಅದರ ಮೇಲಿನ ಸಾಲಿನೊಂದಿಗೆ ಹೋಲಿಸಿ, ಒಂದರ ಮೇಲೊಂದು ಬಿದ್ದಷ್ಟನ್ನು ಬಿಟ್ಟು ಉಳಿದದ್ದನ್ನು ಕೂಡುವುದು. ಜಾಣತನಕ್ಕೆ ನನಗೇ ಬೆನ್ನು ತಟ್ಟಿಕೊಳ್ಳಬೇಕೆನಿಸಿತು. ಗುರುವಾರದ್ದು ಹತ್ತೂವರೆ ಗಂಟೆ ಬಂತು.

“ಅಂದ್ರೆ ರಾತ್ರಿ ಎಂಟರವರೆಗೂ ನಡೆದಿದೆ. ಎಂಟಕ್ಕೆ ನಾನು ಊಟಕ್ಕೆ ಕೂತಿರ್ತೀನಿ ಸಾ” ಎಂದ ಅಟೆಂಡರ್.

ಗುರುವಾರ ನಾನು ಬೆಳಿಗ್ಗೆಯಿಂದ ಸಂಜೆವರೆಗೂ ಲಾಗಿನ್ ಆಗಿದ್ದೆ. ನನ್ನ ಸೆಷನ್ನಿನ ಹೊಟ್ಟೆಯೊಳಗೇ ವಿದ್ಯಾರ್ಥಿ ಹತ್ತಕ್ಕೆ ಬಂದು ಹತ್ತೂವರೆಗೆ ಹೋಗಿದ್ದ. ಹನ್ನೊಂದಕ್ಕೆ ಬಂದ ಲೈಬ್ರರಿಯನ್‌ರನ್ನು ಆ ವಿದ್ಯಾರ್ಥಿಯ ಸಾಲಿನೊಂದಿಗೆ ಮಾತ್ರ ಹೋಲಿಸಿದ ನಾನು, ಮಧ್ಯೆ ಯಂತ್ರ ಖಾಲಿಯಿತ್ತೆಂದು ತಿಳಿದು ಅವರ ಒಂದು ಗಂಟೆಯನ್ನು ಹೊಸದಾಗಿ ಕೂಡಿದ್ದೆ. ಎರಡಕ್ಕೆ ಬಂದ ಅತಿಥಿ ಉಪನ್ಯಾಸಕರ ಎರಡು ಗಂಟೆಯದೂ ಅದೇ ಕತೆ. ಐದರವರೆಗೆ ಕೂತಿದ್ದ ನನ್ನನ್ನೇ ನಾನು ಮರೆತಿದ್ದೆ. ಮೇಲಿನ ಸಾಲು ಎಷ್ಟು ಹೊತ್ತಿಗೆ ಮುಗಿಯಿತು ಎಂಬುದಲ್ಲ, ಇದುವರೆಗಿನ ಸಾಲುಗಳಲ್ಲಿ ಎಲ್ಲಕ್ಕಿಂತ ತಡವಾಗಿ ಮುಗಿದದ್ದು ಯಾವುದು ಎಂಬುದನ್ನು ಕೈಯಲ್ಲಿ ಹಿಡಿದುಕೊಂಡು ಇಳಿಯಬೇಕು. ಹಾಗೆ ಇಳಿದಾಗ ಗುರುವಾರವೂ ಏಳೂವರೆಗೆ ಬಂದು ನಿಂತಿತು. ಅಟೆಂಡರ್ ತಲೆಯಾಡಿಸಿ ಫೈಲು ಒಯ್ದ.

ಐದು ನಿಮಿಷಕ್ಕೆ ಬುಲಾವ್. ಪ್ರಿನ್ಸಿಪಾಲರ ಮೇಜಿನ ಮೇಲೆ ನನ್ನ ಮೊದಲಿನ ಹಾಳೆಯೂ ಇತ್ತು. ಹೇಗೆ ತಲುಪಿತೋ!

“ಏನ್ರೀ, 26 ಇದ್ದದ್ದು ಏಳೂವರೆ ಆಗಿದೆ?”

ಒಂದು ಯಂತ್ರದ ಗಂಟೆ, ಇನ್ನೊಂದು ಬಳಕೆದಾರರ ಗಂಟೆ, ಎರಡೂ ಬೇರೆ ಬೇರೆ ಪ್ರಶ್ನೆಗೆ ಸರಿಯುತ್ತರ ಎಂದು ವಿವರಿಸಿದೆ. ಅವರ ಮುಖ ಅರಳಿತು. “ಹಾಗಿದ್ರೆ ಎರಡೂ ಕಾಲಂ ಇರಲಿ. ಬಳಕೆದಾರರದ್ದು ಮೊದಲು, ದಪ್ಪಕ್ಷರದಲ್ಲಿ.” ಆಮೇಲೆ ಬೀರುವಿನಿಂದ ಲೈಬ್ರರಿಯ ಹಾಜರಿ ರಿಜಿಸ್ಟರುಗಳ ಕಟ್ಟು ತೆಗೆದು ನನ್ನ ತೋಳಿಗೇರಿಸಿದರು. “ಇದರದ್ದೂ ಒಟ್ಟು ಗಂಟೆ ತೆಗೀರಿ. ನಿಮಗೀಗ ಅನುಭವ ಇದೆಯಲ್ಲ.”

ಸ್ಟಾಫ್ ರೂಮಿಗೆ ಬಂದು ಮೇಲಿನದನ್ನು ತೆರೆದೆ. ಒಳಬಂದ ಹೊತ್ತು ಎಲ್ಲರದೂ ಇತ್ತು. ಹೊರಹೋದ ಹೊತ್ತಿನ ಕಾಲಂನಲ್ಲಿ ಮೊದಲ ಹುಡುಗಿ ‘1.30’ ಎಂದು ಬರೆದಿದ್ದಳು. ಅವಳ ಕೆಳಗೆ ಪುಟದ ತುದಿಯವರೆಗೂ ಡಿಟ್ಟೋ, ಎರಡು ಗಂಟೆಗೆ ಒಳಬಂದವರಿಗೂ.