ಬಂದ್ನಿ, ಬಂದ್ನಿ

ಕಾಕಾ ಬೇಲಿಯ ಮೇಲಿಂದ ಮೊಬೈಲ್ ಚಾಚಿದರು. ಓದಿ ಹೇಳಿದೆ: “ಕಬ್ಬಿನ ಬಿಲ್ ಸೂನ್ ಬರ್ತೈತೆಂತ್ರಿ.”

“ಸೂನ್ ಅಂದ್ರ ಎಂದೋ ತಮ್ಮಾ?”

ಕಾರ್ಖಾನೆಗೆ ಕಬ್ಬು ಕಳಿಸಿ ತಿಂಗಳು ಮೀರಿದವರ ಪ್ರಶ್ನೆ ಅದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ‘ಸೋನ’ ಅಂತಿತ್ತು. ಅರ್ಥ, ನಮ್ಮ ಕಡೆ ‘ತಾಬಡತೋಬ’ ಅಂತೀವಲ್ಲ, ಅದೇ. ಆದರೆ ಹಾಗಂದವರು ಕೂತಲ್ಲಿಂದ ಏಳಬೇಕಲ್ಲ! ಬರಬರುತ್ತ ಅದು ‘ಇನ್ನೊಂದಿಷ್ಟು ಹೊತ್ತಿಗೆ’ ಆಯಿತು. ‘ಅನಾನ್’, ‘ಪ್ರೆಸೆಂಟ್ಲಿ’ಗಳ ಗತಿಯೂ ಅಷ್ಟೇ. ‘ಬೈ ಅಂಡ್ ಬೈ’ಯದಂತೂ ಮಜಾ ಕಥೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಹೆರೋದನ ಮುಂದೆ ಕುಣಿದ ಹುಡುಗಿ ಯೋಹಾನನ ತಲೆಯನ್ನು ತಟ್ಟೆಯಲ್ಲಿಟ್ಟು ‘ಬೈ ಅಂಡ್ ಬೈ’ ಕೊಡು ಅನ್ನುತ್ತಾಳೆ. ಆ ಕಾಲಕ್ಕೆ ಅದು ‘ಈಗಿಂದೀಗಲೇ’. ಇವತ್ತು ಓದಿದವರಿಗೆ, ಪಾಪ, ಅವಸರ ಇಲ್ಲರಿ, ಸಾವಕಾಶ ಕೊಡ್ರಿ ಅಂದಳೇನೋ ಅನಿಸಬೇಕು.

“ನಮ್ಮ ಹೈವೇ ಹೊಟೇಲಿನ ಹುಡುಗನ್ಹಂಗ ಆತು ಬಿಡು,” ಅಂದರು ಕಾಕಾ. “ಬಂದ್ನಿರೀ, ಬಂದ್ನಿರೀ ಅಂತಾನ. ಚಾ ಬರೂದಿಲ್ಲ.”

ಆ ಹುಡುಗನನ್ನು ಶೇಕ್ಸ್‌ಪಿಯರ್ ಕೂಡ ನೋಡಿದ್ದ. ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ಹೆಂಡದಂಗಡಿಯ ಫ್ರಾನ್ಸಿಸ್ ಇದ್ದಾನೆ. ರಾಜಕುಮಾರ ಬೇಕಂತಲೇ ಅವನನ್ನು ಮಾತಿಗೆ ಹಿಡಿಯುತ್ತಾನೆ, ಗೆಳೆಯ ಪಕ್ಕದ ಕೋಣೆಯಿಂದ ಕೂಗುತ್ತಲೇ ಇರುತ್ತಾನೆ. ಹುಡುಗ ‘ಅನಾನ್, ಅನಾನ್’ ಅನ್ನುತ್ತ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಇಂಗ್ಲಿಷಿನವರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ ಅನ್ನಿ. ಅವರು ‘ಬರುತ್ತೇನೆ’ ಅಂತ ತಡ ಮಾಡಿದರೆ, ನಾವು ಚಪ್ಪಲಿ ಹುಡುಕುವಾಗಲೇ ‘ಬಂದ್ನಿ’ ಅಂದು ಭೂತಕಾಲದಲ್ಲಿ ತಲುಪಿಬಿಟ್ಟಿರುತ್ತೇವೆ. ಸಂಕೇಶ್ವರದಲ್ಲಿ ಇನ್ನೂ ಬಸ್ಸು ಹತ್ತದವನು ಫೋನಿನಲ್ಲಿ ‘ಹತ್ತರಗಿ ಟೋಲ್ ದಾಟೇನಿ’ ಅನ್ನುತ್ತಾನೆ. ಯಮಕನಮರಡಿಯಲ್ಲಿ ಕಾಯುವವನೂ ಅದನ್ನು ನಂಬುವುದಿಲ್ಲ. ಅವನೂ ಮನೆ ಬಿಟ್ಟಿರುವುದಿಲ್ಲ.

ಕಾಯಿದೆ ಬರೆದವರು ಮಾತ್ರ ಹುಷಾರು. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಲೆಕ್ಕವನ್ನೇ ಹಾಕಿಟ್ಟಿದ್ದಾರೆ: ಕಬ್ಬು ಕೊಟ್ಟ 14 ದಿನದೊಳಗೆ ರೊಕ್ಕ, ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ. ಕಾಕಾಗೂ ಹೇಳಿದೆ.

“ಬಡ್ಡೀನ? ಅಸಲ ಬಂದ್ರ ಹನಮಪ್ಪಗ ಕಾಯಿ ಒಡಸ್ತೀನಿ,” ಅಂದು ಎಮ್ಮೆಗೆ ಮೇವು ಹಾಕಲು ನಡೆದರು.